ಕೂರಿಗೆಯಲ್ಲಿ ಕಟ್ಟಿದ ಗೂಡು

ಮೊನ್ನೆ ಮೂಡಲಗಿಯಿಂದ ನೀವು ಫೋನಿಗೆ ಒಂದು ವಿಡಿಯೊ ಕಳಿಸಿದಿರಿ. ನಿಮ್ಮ ಮಾಳಿಗೆಯ ಮೇಲೆ ನೀರಿನ ಟಾಕಿಯ ಸಂದಿಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿತ್ತು. ಮರಿ ಗೂಡಿನ ಅಂಚಿಗೆ ಬಂದು ಬಾಯಿ ತೆರೆದು ಅರಚುತ್ತಿತ್ತು. ತಾಯಿ ಹುಳ ಕಚ್ಚಿಕೊಂಡು ಎದುರಿನ ತಂತಿಯ ಮೇಲೆ ಕೂತಿತ್ತು, ಕೊಡದೆ ಹಾರಿಹೋಯಿತು. "ಅಜ್ಜಿ, ಅದು ತೋರಿಸಿ ತೋರಿಸಿ ಕೊಡವಲ್ದು. ಕೆಟ್ಟ ಅವ್ವ ಐತೇನ?" ಎಂದು ನಿಮ್ಮಲ್ಲಿ ಸಣ್ಣವಳು ಕೇಳಿದಳು. ನಾನು "ಇಲ್ಲವ್ವಾ, ಕೆಟ್ಟದ್ದಲ್ಲ" ಎಂದಷ್ಟೇ ಹೇಳಿದೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಕೂತವರ ಜೊತೆಗೂ ಅಷ್ಟಕ್ಕಷ್ಟೆ. ಗೋಕಾಕದ ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ಹಿಡಿಯುತ್ತಿದ್ದೆ. ಈಗಲೂ ಅದೇ ದಾರಿ. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಒಂದು ವರ್ಷದ ಬಿತ್ತಿಗೆಯ ಕತೆಯೊಳಗೆ ಇದೆ. ಅದನ್ನು ಬರೆದೇ ಹೇಳುತ್ತೇನೆ.

ನೀವು ಕೂರಿಗೆಯನ್ನು ನೋಡಿಲ್ಲ. ಈಗ ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಟ್ರ್ಯಾಕ್ಟರಿಗೆ ಯಂತ್ರ ಕಟ್ಟಿಸಿ ಬಿತ್ತಿಸುತ್ತಾರೆ. ಆಗ ದಡ್ಡಿ ಊರಿನ ಹತ್ತಿರದ ನಮ್ಮ ಹೊಲಕ್ಕೆ ಕೂರಿಗೆಯೇ ಆಗಬೇಕಿತ್ತು. ಜಾಲಿ ಮರದ ದಿಂಡು, ಅದರ ಕೆಳಗೆ ನೆಲ ಸೀಳುವ ನಾಲ್ಕು ಮೊನೆಗಳು, ಒಂದೊಂದು ಮೊನೆಯಿಂದ ಮೇಲಕ್ಕೆ ಬಂದ ಬಿದಿರಿನ ಕೊಳವೆ, ಆ ಕೊಳವೆಗಳೆಲ್ಲ ಕೂಡುವಲ್ಲಿ ಕೈಯಗಲದ ಮರದ ಬಟ್ಟಲು. ಗಂಡಸರು ಎತ್ತು ಹೊಡೆಯುತ್ತ ಕೂರಿಗೆ ಹಿಡಿದು ನಡೆಯುತ್ತಾರೆ, ಹೆಂಗಸರು ಉಡಿಯಲ್ಲಿ ಬೀಜ ಕಟ್ಟಿಕೊಂಡು ಪಕ್ಕದಲ್ಲೇ ನಡೆಯುತ್ತ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುತ್ತಾರೆ. ಸುಲಭವೆಂದು ತೋರುತ್ತದೆ. ಮುಷ್ಟಿ ಸಡಿಲವಾದರೆ ಬೀಜ ಗುಂಪಾಗಿ ಬೀಳುತ್ತದೆ, ಬಿಗಿಯಾದರೆ ಸಾಲು ಬರಿದಾಗುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ನನ್ನದಾಗಿತ್ತು. ನಿಮ್ಮ ಅಜ್ಜ ಹಿಂದಿರುಗಿ ನೋಡುತ್ತಿರಲಿಲ್ಲ. ಬೀಜ ಕೊಳವೆಯಲ್ಲಿ ಇಳಿಯುವ ಸಪ್ಪಳ ಕೇಳಿಯೇ "ಜರಾ ಸಡ್ಲ ಬಿಡು" ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ನಾವು ಆಡುತ್ತಿದ್ದದ್ದು ಅಷ್ಟೇ ಮಾತು. ಆದರೂ ವರ್ಷದಲ್ಲಿ ನಾವಿಬ್ಬರೇ ದಿನವಿಡೀ ಜೊತೆಯಲ್ಲಿ ನಡೆಯುತ್ತಿದ್ದದ್ದು ಬಿತ್ತಿಗೆಯ ದಿನ ಮಾತ್ರ. ಹಸಿ ಮಣ್ಣಿನ ವಾಸನೆ ಬಂದರೆ ಇಂದಿಗೂ ನನ್ನ ಬಲಗೈ ತಾನೇ ಮುಷ್ಟಿಯಾಗುತ್ತದೆ.

ನಿಮ್ಮ ಅಜ್ಜ ತೀರಿಹೋದದ್ದು ಸಂಕ್ರಾಂತಿ ಕಳೆದ ಮೇಲೆ, ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ. ನಿಮ್ಮ ಅವ್ವ ಮದುವೆಯಾಗಿ ಮೂಡಲಗಿಗೆ ಹೋಗಿದ್ದಳು, ನೀವು ಇನ್ನೂ ಹುಟ್ಟಿರಲಿಲ್ಲ. ದಿನಕರ್ಮಗಳು ಮುಗಿದು ಬಂದವರೆಲ್ಲ ಹೋದ ಮೇಲೆ ನಾನು ಅಂಗಳದ ಗೇಟು ದಾಟಲಿಲ್ಲ. ಯಾರೂ ದಾಟಬೇಡವೆಂದು ಹೇಳಿರಲಿಲ್ಲ. ಮೊದಲೇ ನಾಚಿಕೆಯವಳು, ಈಗ ಹಣೆಯ ಮೇಲೆ ವಿಭೂತಿ ಮಾತ್ರ ಇರುವ ಮುಖವನ್ನು ಜನ ನೋಡಿ ಮರುಗುವುದನ್ನು ತಾಳಲಾರದೆ ಒಳಗೇ ಉಳಿದೆ. ದನಗಳ ಕೆಲಸ, ಒಲೆ, ಹಿತ್ತಲು. ಮನೆಗೆ ಯಾರಾದರೂ ಬಂದರೆ ದನದ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿದ್ದೆ.

ಒಂದು ಮಾತು ಮಾತ್ರ ಯಾರೂ ಎತ್ತದಿದ್ದರೂ ಮನೆಯಲ್ಲೆಲ್ಲ ಇತ್ತು. ಬಿತ್ತಿಗೆಯ ದಿನ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಕುಬಸದ ಬಟ್ಟೆ ಕಟ್ಟಿ, ಉಡಿ ತುಂಬುತ್ತಾರೆ. ಆಮೇಲೆ ಮುತ್ತೈದೆಯ ಕೈಯಿಂದ ಮೊದಲ ಹಿಡಿ ಬೀಜ ಬೀಳಬೇಕು. ಕೊರಳಲ್ಲಿ ಲಿಂಗವಿರುವವರಿಗೆ ಇಂಥ ಭೇದವಿಲ್ಲವೆಂದು ನಮ್ಮಲ್ಲಿ ಹೇಳುತ್ತಾರೆ, ಆದರೆ ಬಿತ್ತಿಗೆಯ ದಿನ ಯಾರೂ ಅದನ್ನು ನೆನೆಯುವುದಿಲ್ಲ. ನನ್ನ ಅತ್ತೆ, ನಿಮ್ಮ ಮುತ್ತಜ್ಜಿ, ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ಅವರ ಕೈಯಿಂದ ಬಿದ್ದ ಬೀಜದ ಸಾಲು ಮಣಿ ಪೋಣಿಸಿದಂತೆ ಇರುತ್ತಿತ್ತೆಂದು ಊರಿನ ಹಳೆಯ ಹೆಂಗಸರು ಹೇಳುತ್ತಿದ್ದರು. ನಾನು ಆ ಸಾಲನ್ನು ನೋಡಲೇ ಇಲ್ಲ. ಉಳಿದ ದಿನ ಕಳೆ ತೆಗೆಯಲು, ರಾಶಿ ಮಾಡಲು ಎಲ್ಲರಿಗಿಂತ ಮುಂದೆ ಇರುತ್ತಿದ್ದ ಅವರು ಬಿತ್ತಿಗೆಯ ದಿನ ಬೀಜದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಮನೆಯೊಳಗೆ ಹೋಗಿಬಿಡುತ್ತಿದ್ದರು. ಆ ವರ್ಷದಿಂದ ನಾನೂ ಅವರ ಜೊತೆ ಒಳಗೆ ಕೂಡುವವಳು ಎಂದುಕೊಂಡಿದ್ದೆ.

ಪ್ರತಿ ವರ್ಷ ಯುಗಾದಿ ಮುಗಿದ ಕೂಡಲೇ ನಿಮ್ಮ ಅಜ್ಜ ಕೂರಿಗೆಯನ್ನು ಕೊಟ್ಟಿಗೆಯ ಸೂರಿನಿಂದ ಇಳಿಸಿ ಬಡಿಗೇರ ಮನೆಗೆ ಒಯ್ಯುತ್ತಿದ್ದರು. ಆ ವರ್ಷ ಯಾರೂ ಇಳಿಸಲಿಲ್ಲ. ಅದು ಅವರು ಕಟ್ಟಿದ ಹಗ್ಗದಲ್ಲಿ ಅವರು ಕಟ್ಟಿದ ಹಾಗೆಯೇ ತೂಗುತ್ತಿತ್ತು. ಮಳೆಗಾಲ ಹತ್ತಿರವಾದಾಗ ಮೈದುನ ಏಣಿ ಹಾಕಿ ಹತ್ತಿದರು, ಹತ್ತಿದವರು ಅಲ್ಲೇ ನಿಂತು ಕೂಗಿದರು.

"ಯವ್ವಾ, ಬಟ್ಟಲದಾಗ ಹಕ್ಕಿ ಗೂಡ ಕಟ್ಟೇತಿ. ತೆಗದ ಒಗೀಲೇನ?"

"ಮೊಟ್ಟಿ ಅದಾವೇನ ನೋಡು," ಎಂದರು ಅತ್ತೆ.

"ಮೂರ ಅದಾವ."

"ಹಂಗಾರ ಅದು ಬಾಣಂತಿ ಖೋಲಿ. ನಿನ್ನ ಹೆಂಡ್ತಿ ಹಡದಾಗ ನಾ ಆಕಿ ಹಾಸಗಿ ತೆಗದ ಒಗದಿದ್ನೇನ? ಇಳಿ ಕೆಳಗ."

ತಲೆಯ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಕುಂಕುಮದಂತೆ ಕೆಂಪು ಇರುವ ಹಕ್ಕಿ. ನಾವು ಜುಟ್ಟಿನ ಹಕ್ಕಿ ಎನ್ನುತ್ತಿದ್ದೆವು. ಪುಸ್ತಕದಲ್ಲಿ ಅದಕ್ಕೆ ಪಿಕಳಾರ ಎನ್ನುತ್ತಾರೆಂದು ಆಮೇಲೆ ನಿಮ್ಮ ಅವ್ವ ಹೇಳಿದಳು. ಅಂದಿನಿಂದ ಕೊಟ್ಟಿಗೆಯಲ್ಲಿ ಬಾಣಂತಿ ಮನೆಯ ಕಟ್ಟಳೆ ಶುರುವಾಯಿತು. ಅಲ್ಲಿ ಕೊಡ ಬಡಿಯುವಂತಿಲ್ಲ, ನೊಣಕ್ಕೆ ಹೊಗೆ ಹಾಕುವಂತಿಲ್ಲ, ಎಮ್ಮೆಯನ್ನು ಬೈಯುವಂತಿಲ್ಲ. ಮೈದುನ ತಮ್ಮ ಮೋಟಾರ್ ಸೈಕಲ್ಲನ್ನು ಬೀದಿಯಲ್ಲೇ ಬಂದ್ ಮಾಡಿ ನೂಕಿಕೊಂಡು ಒಳಗೆ ತರುತ್ತಿದ್ದರು. ಹುಕ್ಕೇರಿ ಪೇಟೆಯಲ್ಲಿ ಬೆಳೆದ ಅವರ ಹೆಂಡತಿ, ನನ್ನ ನೆಗೆಣ್ಣಿ, ನಗೆಮಾತಿನವಳು.

"ಅತ್ತಿ, ಬಾಣಂತಿಗೆ ಅಂಟಿನ ಉಂಡಿ ಮಾಡೂಣೇನ್ರಿ?"

"ಮಾಡು. ನೀ ತಿಂದ ಮ್ಯಾಲ ಉಳದ್ರ ಅದಕ್ಕೂ ಒಂದ ಇಡು."

ನಾನು ಹಿತ್ತಲ ಬಾಗಿಲಲ್ಲಿ ಕೂತು ಜೋಳದಲ್ಲಿ ಹರಳು ಆರಿಸುತ್ತ ಆ ಗೂಡನ್ನು ನೋಡುತ್ತಿದ್ದೆ. ಮರಿಗಳು ಒಡೆದು ಬಂದಾಗ ಮೊದಲು ಕಂಡದ್ದು ಬಟ್ಟಲಿನ ಅಂಚಿನ ಮೇಲೆ ನಡುಗುವ ಬಾಯಿಗಳು ಮಾತ್ರ. ಗಂಡು ಯಾವುದು ಹೆಣ್ಣು ಯಾವುದು ಗುರುತಾಗುತ್ತಿರಲಿಲ್ಲ, ಎರಡೂ ಒಂದೇ ಸಮನೆ ದುಡಿಯುತ್ತಿದ್ದವು. ಒಂದು ಹಸಿರು ಹುಳ ತಂದರೆ ಇನ್ನೊಂದು ಹಣ್ಣಾದ ಬೇವಿನ ಕಾಯಿ ತರುತ್ತಿತ್ತು. ಬಾಯಿಗೆ ಹಾಕಿ, ಗೂಡಿನೊಳಗಿನ ಹೊಲಸು ಕಚ್ಚಿಕೊಂಡು ದೂರ ಒಯ್ದು ಚೆಲ್ಲುತ್ತಿದ್ದವು. ಅತ್ತೆ ಲಿಂಗಪೂಜೆ ಮುಗಿಸಿ ಬಂದು ನನ್ನ ಪಕ್ಕ ಕೂಡುತ್ತಿದ್ದರು. "ನೋಡು, ಎಷ್ಟ ಸ್ವಚ್ಛ ಐತಿ. ನಮ್ಮನಿ ಗಂಡಸರು ಕಲೀಬೇಕು" ಎನ್ನುತ್ತಿದ್ದರು. ಬಾಣಂತಿ, ಮರಿ, ಹುಳ ಎಂದು ಇಬ್ಬರೂ ಏನೇನೋ ಆಡುತ್ತಿದ್ದೆವು. ನಿಮ್ಮ ಅಜ್ಜ ಹೋದ ಮೇಲೆ ನಾನು ಮನೆಯಲ್ಲಿ ಮಾತಾಡಿದ್ದೆಲ್ಲ ಆ ಹಕ್ಕಿಗಳ ಬಗೆಗೇ ಇರಬೇಕು.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಚೆನ್ನಾಗಿ ಆಯಿತು. ಊರಿನ ಕೂರಿಗೆಗಳೆಲ್ಲ ಹೊಲಕ್ಕೆ ಹೋದವು, ಕಡ ಕೇಳಿದರೂ ಸಿಗುವಂತಿರಲಿಲ್ಲ. ನಮ್ಮ ಹೊಲದ ದಾರಿ ಬೇರೆಯವರ ಕಬ್ಬಿನ ನಡುವೆ, ಟ್ರ್ಯಾಕ್ಟರ್ ಹೋಗುವಷ್ಟು ಅಗಲವಿಲ್ಲ. ಮೈದುನ ದಿನವೂ ಹೊಲಕ್ಕೆ ಹೋಗಿ ಮಣ್ಣು ಹಿಂಡಿ ನೋಡಿ ಬರುತ್ತಿದ್ದರು.

"ಯವ್ವಾ, ಹದಾ ಆರಾಕತ್ತೈತಿ. ಬಿಸಲ ಬಿದ್ರ ಮುಗೀತು. ಬೀಜ ಹಾಕಿದ್ರೂ ಹುಟ್ಟೂದಿಲ್ಲ."

"ಮರಿಗಿ ಪುಚ್ಚ ಬಂದಾವ. ಇನ್ನ ಎಲ್ಲಿ, ಇವತ್ತ ನಾಳಿ ಹೋಗತಾವ."

"ನಿನ್ನೀನೂ ಇದ ಹೇಳಿದಿ."

"ನಿನ್ನಿ ಹೇಳಿದ್ದೂ ಖರೇನ, ಇವತ್ತ ಹೇಳಿದ್ದೂ ಖರೇನ."

ಅವರು ನನ್ನ ಕಡೆ ತಿರುಗಿದರು. "ವೈನಿ, ನೀವರ ಹೇಳ್ರಿ ಅವ್ವಗ."

ನಾನು ಹೇಳಲಿಲ್ಲ. ಕೂರಿಗೆ ಮೇಲೆ ಇರುವಷ್ಟು ದಿನ ಬಿತ್ತಿಗೆಯ ದಿನ ಬರುವುದಿಲ್ಲ. ಬುಟ್ಟಿ ಇನ್ನೊಬ್ಬರ ಕೈಗೆ ಹೋಗುವುದನ್ನು ನಾನು ನೋಡಬೇಕಾಗುವುದಿಲ್ಲ. ನೆಗೆಣ್ಣಿಗೂ ಅದೇ ಚಿಂತೆ, ಇನ್ನೊಂದು ಬಗೆಯಲ್ಲಿ. ಮನೆಯಲ್ಲಿ ಈಗ ಮುತ್ತೈದೆ ಅವಳೊಬ್ಬಳೇ, ಬೀಜ ಬಿಡಬೇಕಾದವಳೂ ಅವಳೇ. ಅವಳು ಹಿತ್ತಲಲ್ಲಿ ನಡೆಯುತ್ತ ಜೋಳದ ನುಚ್ಚು ಬಿಟ್ಟು ಬಿಟ್ಟು ರೂಢಿ ಮಾಡಿಕೊಳ್ಳುತ್ತಿದ್ದಳು. ನುಚ್ಚು ಮುದ್ದೆ ಮುದ್ದೆಯಾಗಿ ಬೀಳುತ್ತಿತ್ತು, ಕೋಳಿಗಳು ಅವಳ ಹಿಂದೆಯೇ ಸಾಲಾಗಿ ನಡೆಯುತ್ತಿದ್ದವು.

"ಅಕ್ಕಾರ, ನನ್ನ ಕೈಯಾಗ ಏನ ಐತ್ರಿ? ಮುಷ್ಟಿ ತೆರದ್ರ ಎಲ್ಲಾ ಒಮ್ಮಿ ಬೀಳತೈತಿ."

"ಕಿರುಬೆರಳ ಅಷ್ಟ ಸಡ್ಲ ಮಾಡು," ಎಂದು ನಾನು ಕೈ ಹಿಡಿದು ತೋರಿಸಿದೆ. ಕಲಿಸಿದೆ, ಆದರೆ ಕಲಿಸಿದ ಮೇಲೂ ಅವಳ ಕೈ ಬಿಡಲಿಲ್ಲ. ಅವಳು ನನ್ನ ಮುಖ ನೋಡಿ ಕೈ ಹಿಂತೆಗೆದುಕೊಂಡಳು. ಆ ಮೇಲೆ ರೂಢಿ ಮಾಡಲಿಲ್ಲ.

ಮಾರನೆಯ ಬೆಳಗ್ಗೆ ಹಕ್ಕಿಗಳ ನಡವಳಿಕೆ ಬದಲಾಗಿತ್ತು. ಹುಳ ತಂದವು, ಗೂಡಿಗೆ ಬರಲಿಲ್ಲ. ಒಂದು ಬಣವೆಯ ಹಗ್ಗದ ಮೇಲೆ ಕೂತಿತು, ಇನ್ನೊಂದು ಬೇವಿನ ಕೆಳಗಿನ ಕೊಂಬೆಯ ಮೇಲೆ. ಬಾಯಲ್ಲಿ ಹುಳ ತುಂಬಿಕೊಂಡೇ ಗಂಟಲೊಳಗಿಂದ ಸಣ್ಣದಾಗಿ ಕರೆಯುತ್ತಿದ್ದವು. ಮರಿಗಳು ಬಟ್ಟಲಿನ ಅಂಚಿಗೆ ಬಂದು ಅರಚಿದವು. ತಾಯಿಯೋ ತಂದೆಯೋ ಒಂದು ಹತ್ತಿರ ಬರುತ್ತಿತ್ತು, ಮರಿ ಕುತ್ತಿಗೆ ಚಾಚುವ ಹೊತ್ತಿಗೆ ಹಿಂದಕ್ಕೆ ಹಾರಿ ಕೂಡುತ್ತಿತ್ತು. ರೆಕ್ಕೆಯನ್ನು ಅರ್ಧ ಬಿಚ್ಚಿ ನಡುಗಿಸುತ್ತಿತ್ತು, ಹೀಗೆ ಮಾಡು ಎನ್ನುವ ಹಾಗೆ. ನೂಕಲಿಲ್ಲ, ಕುಕ್ಕಲಿಲ್ಲ.

ಮೊದಲನೆಯ ಮರಿ ಹೊತ್ತೇರುವ ಮೊದಲೇ ಹೋಯಿತು. ಹಾರಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಎಮ್ಮೆಯ ಬೆನ್ನ ಮೇಲೆ ಇಳಿದು, ಅಲ್ಲಿಂದ ಗೋದಲಿಗೆ, ಅಲ್ಲಿಂದ ಬೇಲಿಗೆ. ಎರಡನೆಯದು ನೇರ ನೆಲಕ್ಕೆ ಬಿತ್ತು. ಮೈದುನ ಅಲ್ಲೇ ಇದ್ದರು. ಮರಿಗಳು ಯಾವಾಗ ತೊಲಗುತ್ತವೆ ಎಂದು ಕಾಯುತ್ತಿದ್ದ ಅದೇ ಮನುಷ್ಯ, ತಾಯಿಯ ಬೈಗುಳಕ್ಕೆ ಹೆದರಿ ಮರಿಯನ್ನು ಟಾವೆಲಿನಲ್ಲಿ ಎತ್ತಿ, ಏಣಿ ಹತ್ತಿ, ಮತ್ತೆ ಬಟ್ಟಲೊಳಗೆ ಇಟ್ಟರು. ಹಕ್ಕಿಗಳೆರಡೂ ಅವರ ತಲೆಯ ಸುತ್ತ ಕಿರುಚಿದವು. ಅವರು ಇಳಿದು ಮೀಸೆ ತಿರುವುವಷ್ಟರಲ್ಲಿ ಮರಿ ಮತ್ತೆ ಕೆಳಗೆ.

"ಯಾಕ ಇಟ್ಟಿ ಅದನ್ನ?" ಎಂದರು ಅತ್ತೆ.

"ಬಿದ್ದಿತ್ತಲ್ಲ ಯವ್ವಾ."

"ಬಿದ್ದಿಲ್ಲ, ಹೊರಗ ಬಂದೈತಿ. ಹೊರಗ ಬಂದದ್ದನ್ನ ಒಳಗ ಹಾಕ್ತಾರೇನ? ಅವು ಮುಂಜಾನಿಂದ ಮಾಡಿದ್ದ ಕೆಲಸ ನೀ ಕೆಡಿಸಿದಿ."

ಮೈದುನ ಹಕ್ಕಿಗಳ ಕಡೆ ತಿರುಗಿ "ತಪ್ಪಾತ್ರಿ" ಎಂದು ಕೈ ಮುಗಿದರು. ನೆಗೆಣ್ಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ನಕ್ಕೆ. ನಕ್ಕ ಸಪ್ಪಳ ಕೇಳಿ ನನಗೇ ಹೊಸದೆನಿಸಿತು.

ಮೂರನೆಯದು ಹೊರಡಲಿಲ್ಲ. ಇಡೀ ಹಗಲು ಬಟ್ಟಲಲ್ಲಿ ಮುದುಡಿ ಕೂತಿತ್ತು. ಅಂಚಿಗೆ ಬರುವುದು, ಕೆಳಗೆ ನೋಡುವುದು, ಹಿಂದೆ ಸರಿಯುವುದು. ಸಂಜೆಗೆ ತಾಯಿಯೇ ಸೋತು ಬಂದು ಒಂದು ಹುಳ ತಿನ್ನಿಸಿ ಹೋಯಿತು. ಅದನ್ನು ನೀವು ವಿಡಿಯೊದಲ್ಲಿ ನೋಡಿರಲಾರಿರಿ. ಕೊಡದೆ ಹೋಗುವ ತಾಯಿ ಹಸಿದ ಮರಿಯನ್ನು ಹಾಗೇ ಮಲಗಲು ಬಿಡುವುದಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಮತ್ತೆ ಶುರು. ಮೋಡ ಸರಿದು ಬಿಸಿಲು ಬೀಳುವ ಲಕ್ಷಣವಿತ್ತು. ಮೈದುನ ಎತ್ತುಗಳ ಮೈ ತೊಳೆದು ತಯಾರು ಮಾಡಿ ಕಟ್ಟೆಯ ಮೇಲೆ ಕೂತಿದ್ದರು. ಇವತ್ತು ಬಿಟ್ಟರೆ ಆ ವರ್ಷದ ಸೋಯಾ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ತಾಯಿ ಹಕ್ಕಿ ಬೇವಿನ ಹಣ್ಣು ಕಚ್ಚಿಕೊಂಡು ಕೂರಿಗೆಯ ದಿಂಡಿನ ತುದಿಗೇ ಬಂದು ಕೂತಿತು. ಮರಿ ಕೊಳವೆಯ ಮೇಲೆ ಕಾಲಿಟ್ಟಿತು. ತಾಯಿ ಒಂದು ಗೇಣು ಹಿಂದೆ ಸರಿಯಿತು. ಮರಿ ನಿಂತಿತು. ತಾಯಿಯೂ ನಿಂತಿತು, ಕರೆಯಿತು, ಕಾಯಿತು.

ಅತ್ತೆ ನನ್ನ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ನನಗೆಂದು ಅಲ್ಲ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

"ನಾನೂ ಹಿಂಗ ಅಂಚಿನ ತನಕಾ ಬಂದಿದ್ದೆ. ಆ ವರ್ಷ, ನಿನ್ನ ಮಾವ ಹೋದ ವರ್ಷ. ಹೊಚ್ಚಲದಾಗ ನಿಂತಿದ್ದೆ. ಯಾರೂ ಬರಬ್ಯಾಡ ಅನ್ನಲಿಲ್ಲ. ಬಾ ಅಂತನೂ ಅನ್ನಲಿಲ್ಲ. ಒಳಗ ಹೋದೆ."

ಅವರ ಕೈ ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ. ನಮ್ಮಲ್ಲಿ ಆ ರೂಢಿ ಇಲ್ಲ. ತಲೆ ಎತ್ತಿ ನೋಡುವಾಗ ಕೊಳವೆಯ ಮೇಲೆ ಮರಿ ಇರಲಿಲ್ಲ. ಅದು ಹಾರಿದ್ದನ್ನು ಇಷ್ಟು ದಿನ ಕಾದ ನಾವಿಬ್ಬರೂ ನೋಡಲಿಲ್ಲ. ಮೈದುನ ನೋಡಿದ್ದರು. "ಹೋತು, ಹೋತು, ಬೇವಿನ ಗಿಡಕ್ಕ ಹೋತು" ಎನ್ನುತ್ತ ಆಗಲೇ ಏಣಿ ತರಲು ಎದ್ದಿದ್ದರು. ಎಲೆಗಳ ನಡುವೆ ಬಾಲ ಮೊಂಡಾದ ಒಂದು ಉಂಡೆ ಕೂತು ಹಣ್ಣು ನುಂಗುತ್ತಿತ್ತು.

ಆಮೇಲೆ ಎಲ್ಲ ಅವಸರ. ಅತ್ತೆ ಖಾಲಿ ಗೂಡನ್ನು ಬಟ್ಟಲಿನಿಂದ ಹಗುರವಾಗಿ ಎತ್ತಿ ಬೇಲಿಯಲ್ಲಿ ಇಟ್ಟರು. ನೆಗೆಣ್ಣಿ ಅಂಗಳದಲ್ಲಿ ಕೂರಿಗೆಗೆ ನೀರು ಹಾಕಿ, ಅರಿಶಿನ ಹಚ್ಚಿ, ಉಡಿ ತುಂಬಿದಳು. ಮೈದುನ ಎತ್ತು ಹೂಡಿಕೊಂಡು ಮುಂದೆ ಹೋದರು. ನೆಗೆಣ್ಣಿ ಬೀಜದ ಬುಟ್ಟಿಗಾಗಿ ಬಾಗಿಲಲ್ಲಿ ಕೈ ಒಡ್ಡಿ ನಿಂತಳು. ಪಡಸಾಲೆಯಿಂದ ಬುಟ್ಟಿ ತಂದ ಅತ್ತೆ ಅವಳ ಕೈಗೆ ಕೊಡಲಿಲ್ಲ. ತಮ್ಮ ಸೊಂಟದ ಮೇಲೆ ಇಟ್ಟುಕೊಂಡು ಹೊಸ್ತಿಲು ದಾಟಿ, ಅಂಗಳ ದಾಟಿ ಗೇಟಿನ ಹತ್ತಿರ ನಿಂತರು. ನನ್ನ ಕಡೆ ನೋಡಿದರು.

"ಬೀಜ ನನ್ನ ಕಡೆ ಅದಾವ," ಎಂದರು.

ನಾನು ಗೇಟಿನವರೆಗೆ ಹೋದೆ, ಬುಟ್ಟಿ ಭಾರವಾಗಿದೆ, ಇಸಿದುಕೊಳ್ಳೋಣವೆಂದು. ಅವರು ಬೀದಿಗೆ ಇಳಿದಿದ್ದರು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ನಾನು ಹೆಜ್ಜೆ ಇಟ್ಟರೆ ಅವರು ಮುಂದೆ ನಡೆಯುತ್ತಿದ್ದರು. ಬಾ ಎಂದು ಅನ್ನಲಿಲ್ಲ, ಕೈ ಹಿಡಿಯಲಿಲ್ಲ. ಹಿಂದಿನಿಂದ ನೆಗೆಣ್ಣಿ, "ಅಕ್ಕಾರ, ಅತ್ತಿ ಥೇಟ ಆ ಹಕ್ಕಿ ಮಾಡಿಧಂಗ ಮಾಡಾಕತ್ತಾರ ನೋಡ್ರಿ. ಹೋಗ್ರಿ, ಇಲ್ಲಂದ್ರ ಸಂಜೀಮಟ ಓಣ್ಯಾಗ ನಿಂತಾರು. ನಾ ರೊಟ್ಟಿ ಬಡದು ತರತೇನಿ" ಎಂದು ನಿರಾಳವಾಗಿ ಒಲೆಯ ಕಡೆ ಓಡಿದಳು.

ಓಣಿಯಲ್ಲಿ ಕಟ್ಟೆಯ ಮೇಲೆ ಕೂತವರು ನಮ್ಮ ಕಡೆ ತಿರುಗಿದರು. ನಾನು ಸೆರಗು ಎಳೆದುಕೊಂಡು ಅತ್ತೆಯ ಹಿಮ್ಮಡಿ ನೋಡುತ್ತ ನಡೆದೆ. ಕಬ್ಬಿನ ನಡುವಿನ ದಾರಿಗೆ ಬಂದಾಗ ಉಸಿರು ಬಿಟ್ಟೆ. ಹೊಲದ ಬದುವಿನ ಮೇಲೆ ಅತ್ತೆ ಬುಟ್ಟಿ ಇಳಿಸಿದರು. ಮೈದುನ ನಮ್ಮಿಬ್ಬರನ್ನೂ ನೋಡಿ ಏನೋ ಕೇಳಲು ಹೋದವರು ತಾಯಿಯ ಮುಖ ನೋಡಿ ಕೂರಿಗೆ ಹಿಡಿದರು. ಅತ್ತೆ ಒಂದು ಹಿಡಿ ಸೋಯಾ ತೆಗೆದು ಬಟ್ಟಲಿನ ಮೇಲೆ ಕೈ ಒಯ್ದರು. ಅಷ್ಟು ವರ್ಷಗಳ ಮೇಲೆ ಆ ಕೈ. ಬೀಜ ಒಂದೊಂದಾಗಿ, ಜಪದ ಮಣಿ ಸರಿದಂತೆ ಇಳಿಯಿತು. ಒಂದು ಸಾಲು ಪೂರ್ತಿ ನಡೆದರು. ಸಾಲಿನ ಕೊನೆಯಲ್ಲಿ ನಿಂತು, "ಹಿಡಿ. ನನ್ನ ಮೊಣಕಾಲ ಇಷ್ಟಕ್ಕ ಸಾಕು ಅಂತಾವ" ಎಂದು ನನ್ನ ಉಡಿಗೆ ಬೀಜ ಸುರಿದರು.

ನಾನು ನಡೆದೆ. ಮೈದುನ ಕೂರಿಗೆ ಹಿಡಿದದ್ದು ಅದೇ ಮೊದಲು, ಎತ್ತುಗಳು ಅವರ ಮಾತು ಕೇಳುತ್ತಿರಲಿಲ್ಲ. ನನ್ನ ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಕೊಳವೆಯ ಸಪ್ಪಳ ಕೇಳುತ್ತ ಕಣ್ಣು ಮಂಜಾದರೂ ಬೆರಳು ತಪ್ಪಲಿಲ್ಲ.

ಬಿಸಿಲೇರಿದಾಗ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಊರಿನ ಹೆಂಗಸೊಬ್ಬಳು ನಿಂತಳು. ಬಾಯಿ ಜೋರಿನವಳು. ಬದುವಿನ ಮೇಲಿದ್ದ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಉಡಿಯನ್ನು ನೋಡಿದಳು.

"ಅಯ್ಯ, ಅತ್ತಿ ಸೊಸಿ ಇಬ್ರೂ ಬಂದೀರಿ?" ಎಂದಳು. ಅತ್ತೆ ಎಲೆ ಅಡಿಕೆ ಚೀಲ ಬಿಚ್ಚುತ್ತ ಕೂತರು. ಅವಳು ನನ್ನ ಕಡೆ ತಿರುಗಿದಳು. "ಏನ ಬಿತ್ತಾಕತ್ತೀರಿ?"

ಮೈದುನ ಎತ್ತು ನಿಲ್ಲಿಸಿದರು. ನನಗೆ ಕೊಟ್ಟಿಗೆಗೆ ಓಡಿಹೋಗಬೇಕೆನಿಸಿತು, ಕೊಟ್ಟಿಗೆ ಅಲ್ಲಿರಲಿಲ್ಲ.

"ಸೋಯಾ," ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. "ಸೋಯಾ ಬಿತ್ತಾಕತ್ತೇವ್ರಿ."

ಅವಳು ಹೊಲದ ಉದ್ದಕ್ಕೂ ಕಣ್ಣಾಡಿಸಿದಳು. "ಸಾಲ ಸೊಟ್ಟ ಬಂದಾವಲ್ಲವಾ."

"ಬೀಜ ಹಾಕಾಕಿ ನಾ. ಸಾಲಿಂದ ಕೂರಿಗಿ ಹಿಡದವರ್ನ ಕೇಳ್ರಿ."

ಅತ್ತೆ ಬಾಯಲ್ಲಿದ್ದ ಎಲೆ ಉಗುಳುವಷ್ಟು ನಕ್ಕರು. ಹುಲ್ಲಿನ ಹೊರೆಯವಳೂ ನಕ್ಕು, ಹೊರೆ ಸರಿಮಾಡಿಕೊಂಡು ತನ್ನ ದಾರಿ ಹಿಡಿದಳು. ಮೈದುನ ಎತ್ತು ಹೊಡೆದವರು, ಆ ಮಾತು ಆಡಿದ್ದು ನಾನೇ ಹೌದೇ ಎಂದು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದರು. ಹಾಗಾಗಿ ಆ ಸಾಲು ಎಲ್ಲಕ್ಕಿಂತ ಸೊಟ್ಟಾಯಿತು.